ಹತ್ತು ಲೀಟರ್ ಉಪ್ಪುನೀರು

ಟೋಕಿಯೊ
ಸೆಪ್ಟೆಂಬರ್ ೨೦, ೨೦೦೦

ಶಿಗೆಯೊಗೆ,

ಗಾಳಿ ತಂಪಾಯಿತೇ, ಹುಲ್ಲಿನ ತೆನೆ ಬೆಳ್ಳಗಾಯಿತೇ ಎಂದು ಕೇಳಿ ಕಾಗದ ಶುರುಮಾಡುವುದು ಪದ್ಧತಿ. ನನಗೆ ಅಷ್ಟು ವ್ಯವಧಾನವಿಲ್ಲ. ಹದಿನೇಳು ವರ್ಷ ಮಾತು ಬಿಟ್ಟ ತಂಗಿಗೆ ಹೂವು ಹುಲ್ಲಿನ ಸಮಾಚಾರ ಬರೆದರೆ ನಿನಗೂ ನಗು ಬಂದೀತು.

ನಮ್ಮ ಮಿಯಾಕೆ ದ್ವೀಪದ ಬೆಟ್ಟ ಸಿಡಿದದ್ದನ್ನು, ನಮ್ಮನ್ನೆಲ್ಲ ಹಡಗು ಹತ್ತಿಸಿದ್ದನ್ನು ಟಿ.ವಿ.ಯಲ್ಲಿ ನೋಡಿರುತ್ತೀ. ಯಾವಾಗ ವಾಪಸು ಎಂದು ಯಾರಿಗೂ ಗೊತ್ತಿಲ್ಲ. ಕೈಗೆ ಹಿಡಿಯುವಷ್ಟು ಸಾಮಾನು ಮಾತ್ರ ಎಂದರು. ಒಂದು ಕೈಯಲ್ಲಿ ತೀರಿಕೊಂಡ ನಮ್ಮವರ ಹೆಸರು ಕೆತ್ತಿದ ಪೂಜೆಯ ಹಲಗೆ ಹಿಡಿದೆ. ಇನ್ನೊಂದು ಕೈಯಲ್ಲಿ ಸೀಮೆಎಣ್ಣೆ ತುಂಬುವಂಥ ಹೊಸ ಪ್ಲಾಸ್ಟಿಕ್ ಡಬ್ಬಿ ಹಿಡಿದೆ, ಅದರಲ್ಲಿ ಹತ್ತು ಲೀಟರ್, ಮೀನು ನೆನೆಸಿ ನೆನೆಸಿ ಹಳತಾದ ನಮ್ಮ ಉಪ್ಪುನೀರು. ಬಟ್ಟೆ ಅಲ್ಲೇ ಉಳಿಯಿತು. ಮನೆಯಲ್ಲಿ ಬಿಟ್ಟುಬಂದ ಎರಡು ತೊಟ್ಟಿಗಳ ಮೇಲೆ ಬೂದಿ ಬೀಳುತ್ತಿದೆ. ಮೀನು ಹಾಕುವವರಿಲ್ಲದೆ ಆ ನೀರು ಇಷ್ಟು ಹೊತ್ತಿಗೆ ಸತ್ತಿರುತ್ತದೆ. ಉಳಿದಿರುವುದು ಈ ಡಬ್ಬಿಯಲ್ಲಿರುವುದಷ್ಟೆ.

ನನಗೆ ಇಲ್ಲಿ ಸರಕಾರಿ ವಸತಿಯ ಐದನೆಯ ಮಹಡಿಯಲ್ಲಿ ಎರಡು ಕೋಣೆ ಕೊಟ್ಟಿದ್ದಾರೆ. ಬಚ್ಚಲಿನಲ್ಲಿ ಬಕೆಟ್ ಇಟ್ಟು, ಅಂಗಡಿಯಿಂದ ನಾಲ್ಕು ಮೀನು ತಂದು, ಸೀಳಿ ನೀರಿಗೆ ಹಾಕಿ ಅದನ್ನು ಬದುಕಿಸಿದ್ದೇನೆ. ಬುಧವಾರ ಬಾಗಿಲು ಬಡಿದರು. ತೆಗೆದರೆ ಗ್ಯಾಸ್ ಕಂಪನಿಯವನು, ಕೈಯಲ್ಲಿ ಸೋರಿಕೆ ಹಿಡಿಯುವ ಯಂತ್ರ. ಅವನ ಹಿಂದೆ ಪಕ್ಕದ ಮನೆಯ ಹಿರೋಸೆಯವರು ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು.

"ಅಜ್ಜಿ, ಇಲ್ಲೇನೋ ಸೋರ್ತಾ ಇದೆ ಅಂತ ದೂರು ಬಂದಿದೆ."

"ಏನೂ ಸೋರ್ತಾ ಇಲ್ಲಪ್ಪ. ಕುಸಾಯ ಮಾಡ್ತಾ ಇದೀನಿ."

"ಕುಸಾಯಾನಾ? ಆ ನಾರೋ ಒಣಮೀನಾ?" ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ. "ನಮ್ಮಜ್ಜನೂ ತಿಂತಿದ್ರು. ಆದ್ರೆ ಅಜ್ಜಿ, ಊರೊಳಗೆ ಇದು ಆಗಲ್ಲ."

ತಿಂಗಳ ಕೊನೆಯೊಳಗೆ ನೀರು ಚೆಲ್ಲಬೇಕು, ಇಲ್ಲದಿದ್ದರೆ ಮನೆ ಬಿಡಬೇಕು ಎಂದು ವಸತಿಯವರು ಚೀಟಿ ಕೊಟ್ಟಿದ್ದಾರೆ.

ಅದಕ್ಕೇ ಕೇಳುತ್ತಿದ್ದೇನೆ. ನೀರನ್ನು ನಿನ್ನ ಹತ್ತಿರ ಇಟ್ಟುಕೊಳ್ಳುತ್ತೀಯಾ? ಹದಿನೇಳು ವರ್ಷದ ಹಿಂದೆ ನಮ್ಮೂರಿನ ಮೇಲೆ ಲಾವಾ ಹರಿದು, ಒಂದು ಪೀಪಾಯಿ ಬಿಟ್ಟು ಎಲ್ಲ ಹೋದಾಗ, ಎರಡು ಬಕೆಟ್ ಕೊಡು ಎಂದು ಕೇಳಿದ್ದೆ. ನೀನು ಇಲ್ಲ ಎಂದೆ. ಮರೆತಿಲ್ಲ. ಆದರೂ ಕೇಳುತ್ತಿದ್ದೇನೆ ಅಂದರೆ ನನ್ನ ಸ್ಥಿತಿ ಅರ್ಥ ಮಾಡಿಕೋ.

ಒಂದೇ ಷರತ್ತು. ನಿನ್ನ ತೊಟ್ಟಿಯ ಒಂದು ಹನಿಯೂ ನನ್ನದಕ್ಕೆ ಸೇರಬಾರದು. ತವರಿನ ಆ ತೊಟ್ಟಿಯಿಂದಲೇ ನನ್ನ ಮದುವೆಗೆ ಅಮ್ಮ ಕೊಟ್ಟ ನೀರೇ ಆದರೂ, ನಲವತ್ತು ವರ್ಷ ಅದು ನಮ್ಮ ಕಡಲಿನ ಮೀನು ತಿಂದಿದೆ. ಈಗ ಅದು ನನ್ನದು.

ಜುಲೈ ಭೂಕಂಪದಲ್ಲಿ ನಿಮ್ಮ ನೀಜಿಮಾದಲ್ಲೂ ಗುಡ್ಡ ಕುಸಿಯಿತಂತೆ. ಮನೆ ನೆಟ್ಟಗಿದೆಯೇ?

ಫೋನ್ ಮಾಡಬೇಡ. ನಿನ್ನ ದನಿ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕಾಗದವಾದರೆ ಹರಿದು ಮತ್ತೊಂದು ಬರೆಯಬಹುದು. ಇದು ನಾಲ್ಕನೆಯದು.

ಹಿಸಾನೊ


ನೀಜಿಮಾ
ಸೆಪ್ಟೆಂಬರ್ ೨೪

ಅಕ್ಕನಿಗೆ,

ಕಾಗದ ಈಗ ಸಿಕ್ಕಿತು. ಕಳಿಸು.

ಇಪ್ಪತ್ತೊಂಬತ್ತಕ್ಕೆ ಇವರು ಹಲ್ಲು ತೋರಿಸಲು ಟೋಕಿಯೊಕ್ಕೆ ಬರುತ್ತಾರೆ. ಸಂಜೆ ಐದಕ್ಕೆ ತಾಕೆಶಿಬಾ ಹಡಗುಕಟ್ಟೆಗೆ ತಂದುಕೊಡು. ಅಂಚೆಯಲ್ಲಿ, ಪಾರ್ಸಲಿನಲ್ಲಿ ಕಳಿಸಬೇಡ. ಬೇರೆ ಯಾರ ಕೈಗೂ ಕೊಡಬೇಡ. ಮುಚ್ಚಳ ಬಿಗಿಮಾಡಿದರೆ ಉಸಿರುಕಟ್ಟಿ ಸಾಯುತ್ತದೆ, ಸಡಿಲವಾಗಿರಲಿ. ನಲ್ಲಿನೀರು ಸೇರಿಸಬೇಡ. ಅದಕ್ಕೆ ಔಷಧಿ ಹಾಕಿರುತ್ತಾರೆ.

ಸರಿಯಾಗಿ ಹತ್ತು ಲೀಟರ್ ಇದೆಯೇ, ಕಡಿಮೆಯೇ? ಬಣ್ಣ ಟೀಯ ಹಾಗಿದೆಯೇ, ಬೂದಿಯೇ? ನೊರೆ ಬರುತ್ತಿದೆಯೇ? ಲೀಟರ್ ಎಷ್ಟು ಎಂಬುದನ್ನು ಅಳೆದು ಇವರ ಕೈಯಲ್ಲಿ ಬರೆದುಕೊಡು.

ಭೂಕಂಪದಲ್ಲಿ ನಾಲ್ಕು ಹೆಂಚು ಬಿದ್ದವು, ಅಷ್ಟೆ. ಹಳೆಯ ಮಾತು ಬೇಡ.

ಶಿಗೆಯೊ


ಟೋಕಿಯೊ
ಅಕ್ಟೋಬರ್ ೧

ಶಿಗೆಯೊಗೆ,

ಡಬ್ಬಿ ನಿನ್ನ ಗಂಡನ ಕೈ ಸೇರಿದೆ. ಒಂಬತ್ತೂವರೆ ಲೀಟರ್. ಅರ್ಧ ಲೀಟರ್ ಬಚ್ಚಲಿನಲ್ಲಿ ತುಳುಕಿ ಹೋಯಿತು. ಅದಕ್ಕೂ ಬೈದುಬಿಡು.

ತೋಕುಜಿ ಹಡಗುಕಟ್ಟೆಗೆ ನಾಲ್ಕಕ್ಕೇ ಬಂದು ಕೂತಿದ್ದ. ಮೊದಲಿನಿಂದಲೂ ಅವನಿಗೆ ಮಾತು ಕಡಿಮೆ, ಈಗ ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ. ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದು ಮೂಗು ಹತ್ತಿರ ಹಿಡಿದು ಬಹಳ ಹೊತ್ತು ಹಾಗೇ ಇದ್ದ. ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು.

"ಯಾಕಪ್ಪ, ಏನಾಯ್ತು?"

"ಏನಿಲ್ಲ ಅತ್ತಿಗೆ. ಲಾರಿ ಹೊಗೆ."

ಆಮೇಲೆ ಡಬ್ಬಿಯನ್ನು ತನ್ನ ಕೋಟಿನಲ್ಲಿ ಸುತ್ತಿ ಮಗುವನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡ. ಹಲ್ಲು ಯಾವ ಕಡೆ ನೋವು ಎಂದು ಕೇಳಿದೆ. ಅವನು ಮೊದಲು ಬಲ ಕೆನ್ನೆ ಮುಟ್ಟಿದ, ಹೋಗುವಾಗ ಎಡ ಕೆನ್ನೆ ಹಿಡಿದುಕೊಂಡ. ನಿಮ್ಮಿಬ್ಬರ ಆಟ ನನಗೆ ತಿಳಿಯದು.

ಒಂದು ಮಾತು ಹೇಳುತ್ತೇನೆ. ನೀನು ಇಷ್ಟು ಬೇಗ ಒಪ್ಪಿದ್ದು ನನಗೆ ಸರಿಬಂದಿಲ್ಲ. ಹದಿನೇಳು ವರ್ಷದ ಹಿಂದೆ ನನ್ನ ಕಾಗದಕ್ಕೆ ಒಂದು ತಿಂಗಳ ಮೇಲೆ ಒಂದು ಸಾಲಿನ ಉತ್ತರ ಬಂತು. ಈ ಸಲ ನಾಲ್ಕನೆಯ ದಿನಕ್ಕೇ ಬರೆದಿದ್ದೀ. ಲೀಟರ್ ಎಷ್ಟು ಎಂದು ಒಂದೇ ಕಾಗದದಲ್ಲಿ ಎರಡು ಸಲ ಕೇಳಿದ್ದೀ. ತೊಟ್ಟಿ ತುಂಬ ನೀರಿಟ್ಟುಕೊಂಡವಳಿಗೆ ನನ್ನ ಒಂಬತ್ತೂವರೆ ಲೀಟರಿನ ಲೆಕ್ಕ ಯಾಕೆ?

ಹೇಗಿದೆ ಎಂದು ವಾರಕ್ಕೊಮ್ಮೆ ಬರಿ.

ಹಿಸಾನೊ


ನೀಜಿಮಾ
ಅಕ್ಟೋಬರ್ ೧೦

ಅಕ್ಕನಿಗೆ,

ನೀರು ತಲುಪಿದೆ. ಹಡಗಿನಲ್ಲಿ ಅಲುಗಾಡಿ ಸ್ವಲ್ಪ ಸುಸ್ತಾಗಿದೆ. ಮರದ ಸಣ್ಣ ತೊಟ್ಟಿಯಲ್ಲಿ ಬೇರೆಯೇ ಇಟ್ಟಿದ್ದೇನೆ. ದಿನಕ್ಕೆ ಆರು ಮುರೋ ಮೀನು ಹಾಕುತ್ತೇನೆ, ಹೆಚ್ಚಿಲ್ಲ. ಬೇರೆ ಯಾವ ನೀರೂ ಸೇರಿಲ್ಲ. ಆಣೆ.

ಶಿಗೆಯೊ


ಟೋಕಿಯೊ
ನವೆಂಬರ್ ೧೪

ಶಿಗೆಯೊಗೆ,

ಇದು ನಾನು ಕಳಿಸುತ್ತಿರುವ ಮೂರನೆಯ ಕಾಗದ. ಮೊದಲೆರಡಕ್ಕೆ ಉತ್ತರವಿಲ್ಲ. ಒಂದು ತಿಂಗಳ ಮೇಲಾಯಿತು.

ನಮ್ಮ ದ್ವೀಪದವರು ಇಲ್ಲಿ ತಿಂಗಳಿಗೊಮ್ಮೆ ಸೇರುತ್ತೇವೆ. ಎಲ್ಲರಿಗೂ ಒಂದೇ ಮಾತು: ಬೆಟ್ಟದ ವಿಷಗಾಳಿ ನಿಂತಿಲ್ಲ, ಈ ವರ್ಷವಂತೂ ಇಲ್ಲ, ಮುಂದಿನ ವರ್ಷವೂ ಅನುಮಾನ. ದೋಣಿ ಇದ್ದವನು ಕಟ್ಟಡದ ಕಾವಲು ಕಾಯುತ್ತಿದ್ದಾನೆ. ಸೊಪ್ಪು ಬೆಳೆಯುತ್ತಿದ್ದವಳು ಆಸ್ಪತ್ರೆಯಲ್ಲಿ ಪಾತ್ರೆ ತೊಳೆಯುತ್ತಾಳೆ. "ನಿನಗೇನು ಹಿಸಾನೊ, ನಿನ್ನ ಕಸುಬು ಡಬ್ಬಿಯಲ್ಲಿ ಹಿಡಿದು ತಂದಿದ್ದೀ" ಎಂದು ಅವರು ಅಂದಾಗ ನಾನು ನಗುತ್ತೇನೆ. ಆ ಡಬ್ಬಿ ಹೇಗಿದೆ ಎಂದೇ ನನಗೆ ಗೊತ್ತಿಲ್ಲ.

ಹಡಗುಕಟ್ಟೆಯ ಹತ್ತಿರ ದ್ವೀಪಗಳ ಸಾಮಾನು ಮಾರುವ ಅಂಗಡಿ ಇದೆಯಲ್ಲ, ಅಲ್ಲಿಗೆ ಹೋಗಿದ್ದೆ. ಪ್ರವಾಸಕ್ಕೆ ಹೊರಟ ಹುಡುಗಿಯರು ಪತ್ರಿಕೆ ತೆರೆದುಕೊಂಡು, ಯಾವ ದ್ವೀಪದಲ್ಲಿ ಏನು ತಿನ್ನಬೇಕು ಎಂದು ಗುರುತು ಹಾಕುತ್ತಿದ್ದರು. ನಿನ್ನ ಮೀನು ಹುಡುಕಿದೆ. ಇರಲಿಲ್ಲ. "ನೀಜಿಮಾದ ಆ ಮನೆಯದು ಬೇಸಿಗೆಯಿಂದ ಬಂದೇ ಇಲ್ಲಮ್ಮ" ಎಂದ ಅಂಗಡಿಯವನು. ಮಾರದೆ ಏನು ಮಾಡುತ್ತಿದ್ದೀ? ನಮ್ಮ ದ್ವೀಪದ ಮೀನು ಬರದಿದ್ದರೆ ನಿನ್ನದಕ್ಕೆ ಬೆಲೆ ಏರಲಿ ಎಂದು ಕಾಯುತ್ತಿದ್ದೀಯಾ?

ನಾನೇ ಬಂದು ನೋಡುತ್ತೇನೆ. ಇಪ್ಪತ್ತೈದರ ಹಡಗು.

ಹಿಸಾನೊ


ನೀಜಿಮಾ
ನವೆಂಬರ್ ೧೯

ಅಕ್ಕನಿಗೆ,

ಬರಬೇಡ.

ಗಾಳಿ ಜೋರಾಗಿದೆ, ಹಡಗು ಕಟ್ಟೆಗೆ ಹತ್ತದೆ ವಾಪಸು ಹೋಗುತ್ತಿದೆ. ಮನೆಯೂ ಬರುವ ಹಾಗಿಲ್ಲ. ನೀರು ಬದುಕಿದೆ. ಹೇಳುವಾಗ ಹೇಳುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಬರಬೇಡ.

ಶಿಗೆಯೊ


ಟೋಕಿಯೊ
ಏಪ್ರಿಲ್ ೮, ೨೦೦೧

ಶಿಗೆಯೊಗೆ,

ದಯವಿಟ್ಟು ಎಂಬ ಮಾತು ನೀನು ಹುಟ್ಟಿದಾಗಿನಿಂದ ನಿನ್ನ ಬಾಯಿಂದ ನಾನು ಕೇಳಿರಲಿಲ್ಲ. ಅದೊಂದಕ್ಕೆ ಬೆಲೆ ಕೊಟ್ಟು ಇಡೀ ಚಳಿಗಾಲ ಸುಮ್ಮನಿದ್ದೆ. ಹೊಸವರ್ಷಕ್ಕೆ ನೀನು ಕಳಿಸಿದ ಕಾರ್ಡಿನಲ್ಲಿ ಅಚ್ಚಾದ ಶುಭಾಶಯದ ಹೊರತು ಒಂದಕ್ಷರವಿರಲಿಲ್ಲ. ಆಗಲೂ ಸುಮ್ಮನಿದ್ದೆ. ನಾನೊಬ್ಬಳು ದಡ್ಡಿ.

ನಿನ್ನೆ ಆ ಅಂಗಡಿಗೆ ಮತ್ತೆ ಹೋದೆ. ಬಾಗಿಲ ಎದುರಿನ ಹಲಗೆಯ ಮೇಲೇ ನಿನ್ನ ಪೊಟ್ಟಣಗಳಿದ್ದವು. ಅಪ್ಪನ ಗುರುತು, ವೃತ್ತದೊಳಗೆ ಒಂದು ಅಡ್ಡಗೆರೆ. ಹಾರುಮೀನಿನ ಕುಸಾಯ, ಈ ವಸಂತದ್ದು. ಬೇಸಿಗೆಯಿಂದ ಒಂದು ಮೀನೂ ಮಾರದವಳು ನನ್ನ ನೀರು ಕೈಗೆ ಬಂದ ಮೇಲೆ ಮಾರುತ್ತಿದ್ದೀ. ಅಲ್ಲೇ ಮೂಟೆಯ ಮೇಲೆ ಕೂತೆ.

ಒಂದು ಪೊಟ್ಟಣ ಕೊಂಡು ಮನೆಗೆ ತಂದು ಸುಟ್ಟೆ. ಸುಡುವ ಮೊದಲು ಹಿರೋಸೆಯವರ ಬಾಗಿಲಿಗೆ ಹೋಗಿ ತಲೆಬಾಗಿ ಕ್ಷಮೆ ಕೇಳಿದೆ. "ಒಂದೇ ಒಂದು ಸಲ" ಎಂದೆ. ಅವರು ಕಿಟಕಿ ಹಾಕಿಕೊಂಡು, "ಹತ್ತು ನಿಮಿಷದಲ್ಲಿ ಮುಗಿಸಿ ಅಜ್ಜಿ" ಎಂದರು.

ಒಂದು ಚೂರು ಬಾಯಿಗಿಟ್ಟೆ. ನನ್ನ ನೀರಿನ ಮೀನು ನನಗೆ ಕಣ್ಣುಮುಚ್ಚಿ ತಿಳಿಯುತ್ತದೆ. ಖಾರವಾಗಿ ಮೂಗಿಗೇರುತ್ತದೆ, ಕೊನೆಗೆ ನಾಲಿಗೆಯ ಬುಡದಲ್ಲಿ ಸ್ವಲ್ಪ ಕಹಿ ನಿಲ್ಲುತ್ತದೆ. ಇದು ಹಾಗಿರಲಿಲ್ಲ. ಮೆತ್ತಗೆ ಬಂತು, ನುಂಗಿದ ಮೇಲೆ ಸಿಹಿ ಬಂತು. ಶಾಲೆಯಿಂದ ಓಡಿಬಂದಾಗ ಅಮ್ಮ ಕೆಂಡದಿಂದ ತೆಗೆದು ಹರಿದು ಕೊಡುತ್ತಿದ್ದ ಮೀನು ಅದು. ನಲವತ್ತು ವರ್ಷದ ಮೇಲೆ ಆ ರುಚಿ ಬಾಯಿಗೆ ಬಂತು. ನಾನು ಅತ್ತೆ. ಅತ್ತದ್ದಕ್ಕೆ ನನಗೆ ಇನ್ನೂ ಸಿಟ್ಟು ಬಂತು. ಅಮ್ಮನ ರುಚಿ ಅಂದರೆ ಅಮ್ಮನ ತೊಟ್ಟಿ. ಅಮ್ಮನ ತೊಟ್ಟಿ ಅಂದರೆ ನಿನ್ನದು.

ಈಗ ನಿಜ ಹೇಳು. ನನ್ನ ನೀರು ಸತ್ತಿದೆ. ಅಥವಾ ನಿನ್ನ ತೊಟ್ಟಿಗೆ ಸುರಿದುಕೊಂಡಿದ್ದೀ. ಎರಡರಲ್ಲಿ ಯಾವುದು? ಆಣೆ ಹಾಕಿದ್ದೆಯಲ್ಲ, ಯಾರ ಮೇಲೆ ಹಾಕಿದೆ?

ನಿನ್ನ ಹಳೆಯ ಸಿಟ್ಟು ನನಗೆ ಗೊತ್ತು. ಲಾವಾಕ್ಕೆ ಮೊದಲು ನಮ್ಮವರು ಟೋಕಿಯೊದ ಆ ದೊಡ್ಡ ಮಳಿಗೆಯ ತಿನಿಸಿನ ಮೇಳದಲ್ಲಿ ಅಪ್ಪನ ಗುರುತು ಹಾಕಿ ಮೀನು ಮಾರಿದರು, ನಿನ್ನನ್ನು ಕೇಳಲಿಲ್ಲ. ತಪ್ಪೇ. ಒಂದು ಕಡೆ ಬಿವಾ ಸರೋವರದ ಹುಳಿಮೀನು, ಇನ್ನೊಂದು ಕಡೆ ಹೊಕ್ಕಾಯ್ದೋದ ಏಡಿ. ನಡುವೆ ನಮ್ಮವರು ಕುಸಾಯ ಸುಟ್ಟರು, ಎಂಟನೆಯ ಮಹಡಿಯೇ ಖಾಲಿಯಾಯಿತು. ಮಾರಿದ್ದು ಹನ್ನೊಂದು ಪೊಟ್ಟಣ. ಆ ಹನ್ನೊಂದು ಪೊಟ್ಟಣಕ್ಕೆ ನೀನು ನನಗೆ ಲಾವಾದ ವರ್ಷದಲ್ಲಿ ನೀರು ಕೊಡಲಿಲ್ಲ. ಈಗ ಉಳಿದದ್ದನ್ನೂ ತಿಂದೆ. ಸಾಕಾಯಿತೇ?

ಹಿಸಾನೊ


ನೀಜಿಮಾ
ಏಪ್ರಿಲ್ ೧೩

ಅಕ್ಕ,

ನನ್ನ ತೊಟ್ಟಿ ಇಲ್ಲ.

ಕಳೆದ ಜುಲೈ ಹದಿನೈದರಂದು ಹೋಯಿತು. ನಾಲ್ಕು ಹೆಂಚು ಎಂದು ಬರೆದದ್ದು ಸುಳ್ಳು. ನೆಲ ನಿಂತ ಮೇಲೆ ಮೇಜಿನ ಕೆಳಗಿನಿಂದ ಎದ್ದು ಹಿಂದಿನ ಕೊಟ್ಟಿಗೆಗೆ ಓಡಿದೆವು. ಕಲ್ಲಿನ ತೊಟ್ಟಿ ನಡುವೆ ಸೀಳಿತ್ತು. ನೀರೆಲ್ಲ ಕೆಳಗಿನ ಮರಳಿಗೆ ಇಳಿದಿತ್ತು. ತಳದಲ್ಲಿ ಒದ್ದೆ ಮಾತ್ರ. ಅದನ್ನು ಬಟ್ಟೆಯಲ್ಲಿ ಒರೆಸಿ ಹಿಂಡಿ ಕಾಲು ಬಾಟಲಿ ಮಾಡಿದೆ. ವಾರದೊಳಗೆ ಕೊಳೆಯಿತು. ಅಮ್ಮ ಹೋದಾಗ ನಾನು ಎಲ್ಲರೆದುರು ಅಳಲಿಲ್ಲ. ಆವತ್ತು ಅತ್ತೆ.

ಎದುರು ಮನೆಯವರು ಮೂರು ಬಕೆಟ್ ತಂದು ಬಾಗಿಲಿಗೆ ಇಟ್ಟರು. ನೀರು ಕೆಟ್ಟವರಿಗೆ ನೀರು ಕೊಡುವುದು ಇಲ್ಲಿನ ಪದ್ಧತಿ, ನಿನಗೇ ಗೊತ್ತು. ನಾನು ವಾಪಸು ಕಳಿಸಿದೆ. ಒಂದು, ಅದು ಅವರ ಮನೆಯ ರುಚಿ. ಇನ್ನೊಂದು, ಸ್ವಂತ ಅಕ್ಕನಿಗೆ ಕೊಡದವಳು ಎಂದು ಇಡೀ ಊರಿಗೆ ಗೊತ್ತಿರುವಾಗ ಯಾವ ಮುಖದಲ್ಲಿ ತೆಗೆದುಕೊಳ್ಳಲಿ?

"ಅತ್ತಿಗೇನ ಕೇಳು" ಎಂದರು ಇವರು. ಇಪ್ಪತ್ತು ಸಲ ಹೇಳಿರಬಹುದು. "ಕಾಲಿಗೆ ಬೀಳು, ಏನಾಗುತ್ತೆ? ನಿಮ್ಮಮ್ಮ ಕೊಟ್ಟ ನೀರು ಈಗಿರೋದು ಅವರೊಬ್ರ ಹತ್ರ."

"ನಾನು ಸತ್ತರೂ ಕೇಳಲ್ಲ" ಎಂದೆ. ಆಮೇಲೆ ನಿಮ್ಮ ಬೆಟ್ಟ ಸಿಡಿಯಿತು. ಅದೂ ಹೋಯಿತು ಎಂದುಕೊಂಡೆವು. ಸೆಪ್ಟೆಂಬರಿನಲ್ಲಿ ನಿನ್ನ ಕಾಗದ ಬಂತು. ಇವರಿಗೆ ಹಲ್ಲುನೋವು ಇರಲಿಲ್ಲ, ಅಕ್ಕ. ಹಡಗುಕಟ್ಟೆಯಲ್ಲಿ ಲಾರಿಯ ಹೊಗೆಯೂ ಇರಲಿಲ್ಲ.

ನಿನ್ನ ಕಾಗದಗಳಿಗೆ ಉತ್ತರ ಬರೆಯದೆ ಇದ್ದದ್ದು ಯಾಕೆಂದರೆ, ಅಕ್ಟೋಬರ್ ಕೊನೆಯಲ್ಲಿ ನಿನ್ನ ನೀರಿನ ನೊರೆ ನಿಂತುಹೋಯಿತು. ಬಣ್ಣ ಬೂದಿಯಾಯಿತು. ಹನ್ನೊಂದು ದಿನ. ತೊಟ್ಟಿಗೆ ಹಾಸಿಗೆ ಸುತ್ತಿದೆ, ಒಲೆ ಹತ್ತಿರ ಇಟ್ಟೆ, ಒಂದೊಂದೇ ಮೀನು ಹಾಕಿ ನೋಡಿದೆ. ಸತ್ತಿತು ಎಂದು ಬರೆಯಲು ಕೈ ಬರಲಿಲ್ಲ. ಬದುಕಿದೆ ಎಂದು ಬರೆದರೆ ಅದೂ ಸುಳ್ಳು. ಆಗ ನಿನ್ನ ಮಾತು ಮೀರಿದೆ. ಮೀರಿದ್ದು ಇದೊಂದೇ.

ಸೀಳಿದ ತೊಟ್ಟಿಯ ಮುಚ್ಚಳ ಉಳಿದಿತ್ತು. ಅಜ್ಜನ ಕಾಲದ ಸೀಡರ್ ಮರದ್ದು, ಕೆಳಗಡೆ ಅಮ್ಮನ ಕಾಲದ ನೀರು ಹೀರಿ ಕಪ್ಪಾಗಿ ಅಂಟಂಟಾಗಿದೆಯಲ್ಲ, ನಾವಿಬ್ಬರೂ ಚಿಕ್ಕವರಿದ್ದಾಗ ಅದರ ಮೇಲೆ ಹತ್ತಿ ಕೂತು ಅಮ್ಮನ ಕೈಯಲ್ಲಿ ಏಟು ತಿಂದೆವಲ್ಲ, ಅದೇ. ಅದನ್ನು ಕತ್ತರಿಸಿ ಸಣ್ಣದು ಮಾಡಿ ನಿನ್ನ ನೀರಿನ ಮೇಲೆ ಮುಚ್ಚಿದೆ. ಹನಿ ಸೇರಿಸಬೇಡ ಎಂದಿದ್ದೆ. ಹನಿ ಸೇರಿಸಿಲ್ಲ. ಮುಚ್ಚಳ ಮಾತ್ರ ಹಾಕಿದೆ. ಐದನೆಯ ದಿನ ಅಂಚಿನಲ್ಲಿ ನಾಲ್ಕು ಗುಳ್ಳೆ ಕಂಡವು. ಇವರನ್ನು ಕೂಗಿ ತೋರಿಸಿದೆ. ಇಬ್ಬರೂ ಹುಚ್ಚರ ಹಾಗೆ ತೊಟ್ಟಿಯ ಪಕ್ಕ ನಕ್ಕೆವು.

ಅದನ್ನೇ ಚಳಿಗಾಲವೆಲ್ಲ ಕಡಲನೀರು ಸ್ವಲ್ಪ ಸ್ವಲ್ಪವೇ ಕೂಡಿಸಿ ಬೆಳೆಸಿ ಮೂರು ತೊಟ್ಟಿ ಮಾಡಿದ್ದೇನೆ. ಅಂಗಡಿಯಲ್ಲಿ ನೀನು ಕಂಡದ್ದು ಅದರ ಮೊದಲ ಹಾರುಮೀನು. ಇಲ್ಲಿ ನನ್ನದು ಎನ್ನುವ ನೀರು ಒಂದು ಲೋಟವೂ ಇಲ್ಲ. ನೀನು ತಿಂದದ್ದು ನಿನ್ನ ನೀರಿನ ಮೀನು. ಅಮ್ಮನ ರುಚಿ ಬಂತು ಎಂದು ನೀನು ಬರೆದ ಸಾಲನ್ನು ಇವರ ಹತ್ತಿರ ಓದಿಸಿ ಕೇಳಿದೆ. ನಾನು ದಿನಾ ಮೂಸುತ್ತಿದ್ದರಿಂದ ನನಗೆ ಗೊತ್ತಾಗಿರಲಿಲ್ಲ.

ಮಾರಬಾರದಿತ್ತು. ಮೊದಲು ನಿನಗೆ ಕಳಿಸಬೇಕಿತ್ತು. ಮೂರು ಸಲ ಪೊಟ್ಟಣ ಕಟ್ಟಿದೆ, ಜೊತೆಗೆ ಏನು ಬರೆಯುವುದು ಎಂದು ತಿಳಿಯಲಿಲ್ಲ. ಹದಿನೇಳು ವರ್ಷದ ಹಿಂದೆ ಇಲ್ಲ ಎಂದು ಒಂದು ಸಾಲು ಬರೆದೆ. ಅದನ್ನು ಬರೆಯುವುದು ಎಷ್ಟು ಸುಲಭವಾಗಿತ್ತು ಎಂದು ಯೋಚಿಸಿದರೆ ನನ್ನ ಮೇಲೆ ನನಗೇ ಹೇಸಿಗೆ.

ನೀರು ನಿನ್ನದು. ಯಾವಾಗ ಬೇಕೆಂದರೂ ಅಷ್ಟೂ ಕಳಿಸುತ್ತೇನೆ. ಬೈಯುವುದಿದ್ದರೆ ಬಂದು ಬೈ.

ಶಿಗೆಯೊ


ಟೋಕಿಯೊ
ಏಪ್ರಿಲ್ ೨೨

ಶಿಗೆಯೊ,

ನಿನ್ನ ಕಾಗದ ಓದಿ ಐದು ದಿನವಾಯಿತು. ಬರೆಯುವುದು, ಹರಿಯುವುದು. ಇದು ಎಷ್ಟನೆಯದೋ ಲೆಕ್ಕ ತಪ್ಪಿದೆ.

ನಾನೂ ಒಂದು ಹೇಳಬೇಕು. ಆ ವರ್ಷ ನಿನ್ನ ಒಂದು ಸಾಲಿನ ಉತ್ತರ ಬಂದಾಗ ನಾನು ಕಪ್ಪಾಗಿ ಹೆಪ್ಪುಗಟ್ಟಿದ ಲಾವಾದ ಎದುರು ನಿಂತಿದ್ದೆ. ಅದರ ಕೆಳಗೆ ನನ್ನ ಮನೆ ಇತ್ತು. "ಅವಳ ತೊಟ್ಟಿನೂ ಒಡೀಲಿ" ಎಂದು ಜೋರಾಗಿ ಕೂಗಿ ಹೇಳಿದೆ. ನಮ್ಮವರು ಹೆದರಿ ನನ್ನ ಬಾಯಿ ಮುಚ್ಚಿದರು. ಭೂಮಿ ನನ್ನ ಮಾತು ಕೇಳಿ ನಡುಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ಸೀಳಿದ ತೊಟ್ಟಿ ಎಂಬ ಸಾಲನ್ನು ಮತ್ತೆ ಮತ್ತೆ ಓದಿದೆ. ಅಮ್ಮನ ತೊಟ್ಟಿ ಒಡೆಯಲಿ ಎಂದು ನಾನು ಬಯಸಿದ್ದೆ ಎಂಬುದು ಈಗ ಹೊಳೆಯಿತು. ಕ್ಷಮಿಸು ಎಂದು ಬರೆಯುತ್ತಿದ್ದೇನೆ. ಇದನ್ನು ಹರಿಯುವುದಿಲ್ಲ.

ಪೊಟ್ಟಣದಲ್ಲಿ ಉಳಿದಿದ್ದ ಎರಡು ಮೀನನ್ನು ನಿನ್ನೆ ಸುಟ್ಟೆ. ಹಿರೋಸೆಯವರು ಬಾಗಿಲಿಗೆ ಬಂದರು. ಬೈಯಲು ಬಂದರೇನೋ ಎಂದು ಎದ್ದು ನಿಂತೆ. "ಆವತ್ತಿನಿಂದ ಕೇಳ್ಬೇಕು ಅಂತಿದ್ದೆ, ಒಂದು ಚೂರು ಕೊಡ್ತೀರಾ?" ಎಂದರು. ಕೊಟ್ಟೆ. ಮೂಗು ಹಿಡಿದು ಬಾಯಿಗಿಟ್ಟರು. ಆಮೇಲೆ ಮೂಗು ಬಿಟ್ಟರು. ಇನ್ನೊಂದು ಚೂರು ಕೇಳಿದರು. ಯಾರ ಮನೆಯದು ಎಂದು ಕೇಳಿದಾಗ ನಾನು "ನಮ್ಮ ಮನೆಯದು" ಎಂದೆ. ಯಾವ ಮನೆ ಎಂದು ಅವರು ಕೇಳಲಿಲ್ಲ. ಒಳ್ಳೆಯದಾಯಿತು.

ನೀರು ಈಗ ಕಳಿಸಬೇಡ. ಅಲ್ಲೇ ಇರಲಿ, ಆ ಮುಚ್ಚಳದ ಕೆಳಗೆ. ಮಾರು, ತಿನ್ನು, ಬೆಳೆಸು. ಬೆಟ್ಟ ಸುಮ್ಮನಾಗಲು ಎರಡು ವರ್ಷವೋ ನಾಲ್ಕು ವರ್ಷವೋ. ನನಗೆ ಅರವತ್ತಮೂರು. ಊರಿಗೆ ಬಿಟ್ಟ ದಿನ ನಾನು ಮೊದಲು ನಿನ್ನಲ್ಲಿಗೆ ಬರುತ್ತೇನೆ, ಅದೇ ಡಬ್ಬಿ ಹಿಡಿದು. ನೀರು ನನ್ನದೆಂದು ನೀನು ಬರೆದಿದ್ದೀ. ನಾನು ಹಾಗೆ ಬರುವುದಿಲ್ಲ. ಬಾಗಿಲಲ್ಲಿ ನಿಂತು, ಪದ್ಧತಿಯ ಪ್ರಕಾರ ತಲೆಬಾಗಿ, ಹತ್ತು ಲೀಟರ್ ಕೊಡು ಎಂದು ಕೇಳುತ್ತೇನೆ. ಕೊಡುವುದು ಬಿಡುವುದು ನಿನಗೆ ಸೇರಿದ್ದು. ಈ ಸಲ ಇಲ್ಲ ಎಂದರೂ ಶಾಪ ಹಾಕುವುದಿಲ್ಲ.

ತೋಕುಜಿಗೆ ಹೇಳು, ಸುಳ್ಳು ಹಲ್ಲುನೋವಿಗೆ ಒಂದೇ ಕೆನ್ನೆ ಹಿಡಿಯಬೇಕು ಎಂದು.

ಹಿಸಾನೊ


ನೀಜಿಮಾ
ಏಪ್ರಿಲ್ ೨೬

ಅಕ್ಕ,

ಡಬ್ಬಿ ತಂದರೆ ಸಾಕು. ಕೇಳಬೇಡ.

ಶಿಗೆಯೊ